ಏಳನೇ ಬಡಾವಣೆಯ ಬಣ್ಣ

ಬೂರುಲ್ ಎಂಟರ್ ಒತ್ತಿದ ರಭಸಕ್ಕೆ ಮೇಜು ಮುರಿಯದೆ ಉಳಿದದ್ದೇ ತೆಮಿರ್‌ಸೂ ಪಟ್ಟಣದ ಪುಣ್ಯ. ಪರದೆಯ ಮೇಲೆ ಸಾಲುಗಳು ಸರಸರನೆ ಹರಿದವು. ಕಂಟೇನರ್ ಕ್ಲಸ್ಟರಿನೊಳಗೆ, ಅಂದರೆ ಕಂಪನಿಯ ಸರ್ವರುಗಳ ಗುಂಪಿನೊಳಗೆ, ಆಪರೇಟರ್ ಎಂಬ ಹೊಸ ತಂತ್ರಾಂಶ ಎದ್ದು ಕೂತಿತು.

ಪಕ್ಕದ ಮೇಜಿನ ಜಿಪಾರ್ ಇಣುಕಿದಳು. "ಏನೇ ಅದು, ಹೊಸ ಪ್ರಾಣಿ?"

"ಕಾವಲು ನಾಯಿ ಕಣೇ. ಗೋಡೆ ಮೇಲಿನ ನಕ್ಷೆ ಕೊಳವೆಯ ಬಿಸಿ ಇದ್ದ ಹಾಗೇ ಬಣ್ಣ ತೋರಿಸ್ಬೇಕು, ಬೆಚ್ಚಗಿದ್ರೆ ಹಸಿರು, ತಣ್ಣಗಾದ್ರೆ ಕೆಂಪು ಅಂತ ಒಂದ್ಸಲ ಬರೆದುಕೊಟ್ರೆ ಸಾಕು. ಯಾರಾದ್ರೂ ಕೈಹಾಕಿ ಕೆಡಿಸಿದ್ರೆ ಇದು ಮತ್ತೆ ಮೊದಲಿನ ಹಾಗೇ ಮಾಡಿಡತ್ತೆ."

"ಬೈಕೆಗೆ ಹೇಳಿದ್ಯಾ?"

"ಹೇಳೋಕೆ ಹೋದೆ. 'ಹಾಕು ಹಾಕು, ತಲೆ ತಿನ್ಬೇಡ' ಅಂದ್ರು. ಹಾಕ್ದೆ."

ಬೈಕೆ, ಅಂದರೆ ಎಲ್ಲರ ದೊಡ್ಡಣ್ಣ, ವಿಭಾಗದ ಮುಖ್ಯಸ್ಥ ತಲಾಯ್‌ಬೆಕ್. ಅವನ ಸುಳ್ಳಿನ ಕಾವನ್ನು ಕೊಳವೆಗೆ ಹರಿಸಿದ್ದರೆ ಪಟ್ಟಣದ ಮನೆಗಳನ್ನು ಬೆಚ್ಚಗಿಡುವ ಅವರ ಬಿಸಿನೀರು ಕಂಪನಿಗೆ ಕಲ್ಲಿದ್ದಲೇ ಬೇಕಿರಲಿಲ್ಲ. ಹೋದ ಚಳಿಗಾಲ ಏಳನೇ ಬಡಾವಣೆಯ ಕೊಳವೆಗಳು ತಣ್ಣಗಾದಾಗ, ನಿರ್ದೇಶಕಿ ಬರುವ ಮುನ್ನ ನಕ್ಷೆಯ ಕೆಂಪನ್ನು ಕೈಯಾರೆ ಹಸಿರು ಮಾಡಿದವನು ಅವನೇ. ಅದೇ ಬಡಾವಣೆಯಲ್ಲಿ ಬೂರುಲ್‌ಳ ತಾಯಿ ಕುರಿದೊಗಲ ಕೋಟು ಹೊದ್ದು ಒಲೆಯ ಬಾಯಲ್ಲೇ ಕೂತಿದ್ದಳು; ಅವಳು ಬಿಟ್ಟ ಉಸಿರು ಹೆಪ್ಪುಗಟ್ಟಿ ನೆಲಕ್ಕೆ ಬಿದ್ದು ಠಣ್ಣೆನ್ನುತ್ತಿತ್ತು.

ದೂರು ಬಂದಾಗ ತಲಾಯ್‌ಬೆಕ್, "ನಕ್ಷೆ ಮಾಡಿದವಳು ಬೂರುಲ್, ತಪ್ಪೂ ಅವಳದೇ" ಎಂದುಬಿಟ್ಟ. ತುಂಬಿದ ಸಭೆಯಲ್ಲಿ ಅವಳ ಬಟ್ಟಲಿಗೆ ಅಂಚಿನವರೆಗೂ ಚಹಾ ಸುರಿದ. ಬೇಕಾದವರಿಗೆ ನಮ್ಮಲ್ಲಿ ಅರ್ಧ ಬಟ್ಟಲೇ; ತುಂಬಿ ಕೊಟ್ಟರೆ, ಇನ್ನು ಹೊರಡು ಎಂದರ್ಥ. ಅವಳು ಸಭೆಯಿಂದ ಎದ್ದು ಹೋಗಿದ್ದಳು; ಹಿರಿಯ ಎಂಜಿನಿಯರ್ ಹುದ್ದೆಯಿಂದ ಕಿರಿಯಳ ಹುದ್ದೆಗೆ ಇಳಿದೂ ಇದ್ದಳು. ಆ ಚಹಾ ವರ್ಷವಿಡೀ ಅವಳ ಗಂಟಲಲ್ಲೇ ಕುದಿಯುತ್ತಿತ್ತು.

ಇವತ್ತು ಏಳನೇ ಬಡಾವಣೆ ಮತ್ತೆ ಕೆಂಪು. ಎಲ್ಲರೂ ಎಜೆ, ಅಂದರೆ ಅಕ್ಕ, ಎನ್ನುವ ನಿರ್ದೇಶಕಿ ಸಯ್ರಾ ಎಜೆ ಮೆಟ್ಟಿಲು ಹತ್ತುವ ಸದ್ದು ಕೇಳಿದ್ದೇ ತಡ, ತಲಾಯ್‌ಬೆಕ್ ಕಂಪ್ಯೂಟರಿನ ಮೇಲೆ ಗಿಡುಗನಂತೆ ಎರಗಿದ. ಗೋಡೆ ಹಸಿರಾಯಿತು.

"ನೋಡಿ ಎಜೆ, ಪಟ್ಟಣ ಎಲ್ಲಾ ಬೆಚ್ಚಗಿದೆ. ನನ್ನ ಕೈಗುಣ!"

ಬಾಯಿ ಮುಚ್ಚಿರಲಿಲ್ಲ, ಏಳನೇ ಬಡಾವಣೆ ಕೆಂಪಾಯಿತು.

"ಇದೇನಿದು?"

"ಏನಿಲ್ಲ, ಏನಿಲ್ಲ… ಕಣ್ಣು ಮಿಟುಕಿಸ್ತು ಅಷ್ಟೆ."

ಅವನು ಹಸಿರು ಮಾಡಿದ, ಅದು ಕೆಂಪಾಯಿತು. ಮತ್ತೆ ಹಸಿರು, ಮತ್ತೆ ಕೆಂಪು. ಅವನ ಬೆವರಿಗೆ ಊರಾಚೆಯ ಹೊಳೆ ಒಂದು ಮೊಳ ಏರಿರಬೇಕು. ಬೂರುಲ್ ಕೈಕಟ್ಟಿ ನೋಡುತ್ತಿದ್ದಳು. ಮದುವೆಯೂಟವನ್ನೂ ಅವಳು ಇಷ್ಟು ಸವಿದಿರಲಿಲ್ಲ.

"ಆ ಮೌಸ್ ಬಿಡು, ತಲಾಯ್‌ಬೆಕ್." ಸಯ್ರಾ ಎಜೆಯ ದನಿಗೆ ಕಿಟಕಿ ಗಾಜೇ ಮಂಜುಗಟ್ಟಿತು. "ಹೋದ ವರ್ಷಾನೂ ಹೀಗೇ ಬಣ್ಣ ಬಳಿದ್ಯಾ?"

ಅವನು ಬೂರುಲ್ ಕಡೆ ತಿರುಗಿದ. "ತಂಗೀ, ನೀನಾದ್ರೂ ಹೇಳೇ, ಇದು ಯಂತ್ರದ ದೋಷ ಅಂತ…"

"ಯಂತ್ರ ಸರಿಯಾಗೇ ಇದೆ, ಬೈಕೆ. ಕೂತ್ಕೊಳ್ಳಿ, ಬಾಯಿ ಒಣಗಿದೆ ನಿಮಗೆ."

ಸಯ್ರಾ ಎಜೆ ಆಗಲೇ ದುರಸ್ತಿಯವರನ್ನು ಏಳನೇ ಬಡಾವಣೆಗೆ ಓಡಿಸಲು ಫೋನು ಹಿಡಿದಿದ್ದರು. ಬೂರುಲ್ ಕೆಟಲ್ ಎತ್ತಿ ಅವನ ಬಟ್ಟಲಿಗೆ ನಿಧಾನವಾಗಿ ಚಹಾ ಬಗ್ಗಿಸಿದಳು. ಅರ್ಧ ತುಂಬಿತು. ಕೈ ನಿಲ್ಲಲಿಲ್ಲ. ಚಹಾ ಅಂಚಿಗೆ ಏರಿ, ಚೆಲ್ಲದೆ, ಸಣ್ಣಗೆ ನಡುಗುತ್ತ ನಿಂತಿತು. ಅದರ ಮೇಲೆ ಗೋಡೆಯ ಕೆಂಪು ತೇಲುತ್ತಿತ್ತು.