ಒಂದು ದಿನ ಬಿಟ್ಟು ಒಂದು ದಿನ

ಧಾರವಾಡದ ಆ ಕಚೇರಿಯಲ್ಲಿ ಹನ್ನೊಂದು ಗಂಟೆಯಾಯಿತೆಂದರೆ ಕಡತಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಎಲ್ಲರೂ ಗೇಟಿನ ಹೊರಗಿನ ಚಹಾದಂಗಡಿಗೆ ನಡೆಯುತ್ತಿದ್ದರು. ಅಲ್ಲಿ ಚಹಾ, ಮಿರ್ಚಿ, ಹಸಿವು ಜೋರಿದ್ದ ದಿನ ಗಿರಮಿಟ್ಟು. ಕುಡಿದು ಲೋಟ ಇಡುವ ಹೊತ್ತಿಗೆ, ಬೇರೆಯವರು ಜೇಬಿಗೆ ಕೈ ಹಾಕುವ ಮೊದಲೇ, ರಾಜೀವನ ಫೋನು ಮುಂದೆ ಬಂದಿರುತ್ತಿತ್ತು.

"ಇರ್ಲಿ ಬಿಡ್ರಿ, ನಾ ಕೊಡತೇನಿ."

"ತೊಂಬತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಅಂಗಡಿಯ ಡಬ್ಬಿ ಬೀದಿಗೆಲ್ಲ ಕೇಳುವಂತೆ ಸಾರುತ್ತಿತ್ತು. ಆ ದನಿಗೆ ರಾಜೀವನ ಎದೆ ಒಂದಿಷ್ಟು ಉಬ್ಬುತ್ತಿತ್ತು. ಅವನೇನು ಅಲ್ಲಿ ಕಾಯಂ ನೌಕರನಲ್ಲ. ಏಜೆನ್ಸಿಯ ಕಡೆಯಿಂದ ಬಂದ ಕಂಪ್ಯೂಟರ್ ಆಪರೇಟರ್, ಸಂಬಳ ಹತ್ತೊಂಬತ್ತು ಸಾವಿರ. ಅದರ ಮೂರು ಪಟ್ಟು ಎಣಿಸುವವರು ಅವನ ಚಹಾ ಕುಡಿದು, ಬಾಯಿ ಒರೆಸಿಕೊಂಡು, ತಮ್ಮ ಕುರ್ಚಿಗೆ ಹೋಗಿ ಕೂರುತ್ತಿದ್ದರು.

ಪಕ್ಕದ ಮೇಜಿನ ಹನುಮೇಶ ಒಬ್ಬನಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ.

"ದಿನಾ ನೀನ ಯಾಕ ಕೊಡತೀಯೋ? ತಿಂಗಳಿಗೆ ಎಷ್ಟಾತು ಅಂತ ಒಮ್ಮ್ಯಾರ ಕೂಡಿಸಿ ನೋಡೀಯೇನು?"

"ನಮ್ಮಪ್ಪಗ ಊರ ಹೊಟೇಲಿನ್ಯಾಗ ಬ್ಯಾರೆ ವಾಟಗಾ ಇಟ್ಟಿದ್ರು," ಎಂದ ರಾಜೀವ. "ತಾನ ಕುಡದು, ತಾನ ತೊಳದು, ಬೋರಲ ಹಾಕಿ ಬರತಿದ್ದ. ಇವತ್ತ ನಾ ಕೊಡಿಸಿದ ಚಾ ಎಲ್ಲಾರೂ ಕುಡೀತಾರ. ಅದಕ್ಕ ತೊಂಬತ್ತು ರೂಪಾಯಿ ಹೆಚ್ಚಾತೇನು?"

ಹನುಮೇಶ ತನ್ನ ಕಡತಕ್ಕೆ ತಿರುಗಿದ. ಇಂಥ ಮಾತಿಗೆ ಚಟ್ಟನೆ ಉತ್ತರ ಹೊಳೆಯುವವನಿಗೆ ಹೃದಯವಿಲ್ಲ ಎನ್ನಬೇಕು. ಆದರೆ ತೊಂಬತ್ತು ರೂಪಾಯಿ ತೊಂಬತ್ತೇ ಆಗಿ ನಿಲ್ಲುವ ಜಾತಿಯದಲ್ಲ. ಸಂಜೆ ಬಸ್ಸಿಗೆ ಕಾಯುವಾಗ ಒಂದು ಕಬ್ಬಿನ ಹಾಲು, ಫೋನಿಗೊಂದು ಹೊಸ ಕವರು, ಯಾರದೋ ಹುಟ್ಟಿದ ದಿನಕ್ಕೆ ಕಾಲು ಕಿಲೋ ಪೇಡೆ. ಒಂದೊಂದನ್ನೂ ಕೇಳಿದರೆ ರಾಜೀವ, "ಇದೇನ್ ದೊಡ್ಡದು?" ಎನ್ನುತ್ತಿದ್ದ. ಒಂದೊಂದೂ ನಿಜವಾಗಿಯೂ ದೊಡ್ಡದಾಗಿರಲಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ರಾಮಪ್ಪ ತೀರಿಕೊಂಡು ಎಂಟು ವರ್ಷ. ಮನೆಯಲ್ಲಿ ರಾಜೀವ ಮತ್ತು ಅವನ ತಾಯಿ ಉಡಚವ್ವ ಇಬ್ಬರೇ. ಉಡಚವ್ವ ಇಪ್ಪತ್ತು ವರ್ಷ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು. ಮನೆಯಲ್ಲಿ ಬೀಸಲು ಜೋಳ ತೆಗೆದಾಗಲೆಲ್ಲ ಒಂದು ಹಿಡಿಯನ್ನು ತಿರುಗಿ ಬೇರೊಂದು ಗಡಿಗೆಗೆ ಹಾಕುವುದು ಅವಳ ಪದ್ಧತಿ. ತನ್ನ ತವರು ಅಮ್ಮಿನಬಾವಿಯಲ್ಲಿ ಅವಳ ಅವ್ವ ಕಲಿಸಿದ್ದು. ಆ ಹಿಡಿ ಜೋಳ ವರ್ಷಗಟ್ಟಲೆ ಕೂಡಿ ಚೀಲವಾಗಿ, ಮಾರಾಟವಾಗಿ, ರಾಜೀವನ ಕಾಲೇಜಿನ ಫೀಜಾಗಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ಅವಳು ಬಾಯಲ್ಲಿ ಹೇಳಿದವಳಲ್ಲ, ಮಾಡಿದವಳು.

ಎರಡು ವರ್ಷದ ಹಿಂದೆ ಅವಳಿಗೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಎಂದು ಗೊತ್ತಾಯಿತು. ಎರಡೂ ಕಣ್ಣಿಗೆ ದಿನವೂ ಒಂದೊಂದು ಹನಿ ಔಷಧಿ. ಸೀಸೆಗೆ ನಾಲ್ಕುನೂರಾ ಅರವತ್ತು ರೂಪಾಯಿ, ತಿಂಗಳಿಗೊಂದು ಸೀಸೆ. ಮೊದಮೊದಲು ರಾಜೀವ ತಪ್ಪದೆ ತಂದ. ಒಂದು ತಿಂಗಳ ಕೊನೆಗೆ ಅವಳು ಖಾಲಿ ಸೀಸೆ ಅಲುಗಾಡಿಸಿ ತೋರಿಸಿದಾಗ, "ಈ ಸಲ ಕೈ ಭಾಳ ಬಿಗಿ ಐತಿ ಯವ್ವಾ, ಪಗಾರಾದ ಕೂಡ್ಲೆ ತರತೇನಿ," ಎಂದ. ಸುಳ್ಳಲ್ಲ, ಅಂದು ಖಾತೆಯಲ್ಲಿ ಇನ್ನೂರು ರೂಪಾಯಿ ಇತ್ತು.

"ಆಗ್ಲಿ ಬಿಡಪಾ, ಅವಸರಿಲ್ಲ," ಎಂದಳು ಉಡಚವ್ವ.

ಅಲ್ಲಿಂದ ಮುಂದೆ ಒಂದು ಸೀಸೆ ಎರಡು ತಿಂಗಳು ಬರತೊಡಗಿತು. ರಾಜೀವನಿಗೆ ಇದು ಗೊತ್ತಾಗಲಿಲ್ಲ ಎಂದರೆ ಅವನ ಪರವಾಗಿ ಸುಳ್ಳು ಹೇಳಿದಂತಾಗುತ್ತದೆ. ಗೊತ್ತಾಗಿತ್ತು. ಈ ತಿಂಗಳು ಅವ್ವ ಔಷಧಿ ಕೇಳಲಿಲ್ಲವಲ್ಲ ಎಂದು ಮನಸ್ಸಿಗೆ ಹಗುರಾಗಿತ್ತು. ಯಾಕೆ ಕೇಳಲಿಲ್ಲ ಎಂದು ಅವನು ಕೇಳಲಿಲ್ಲ.

ಹೀಗೆ ಹದಿನಾಲ್ಕು ತಿಂಗಳು ಕಳೆದವು. ಒಂದು ಬೆಳಿಗ್ಗೆ ಅವಳು ಒಲೆಯ ಎಡಕ್ಕಿದ್ದ ಹಾಲಿನ ಪಾತ್ರೆಗೆ ಕೈ ತಾಗಿಸಿ ಚೆಲ್ಲಿದಳು. "ಈ ಕಡಿ ಏನೂ ಕಾಣವಲ್ದು ರಾಜೂ," ಎಂದಳು, ಚೆಲ್ಲಿದ ಹಾಲನ್ನು ಬಟ್ಟೆಗೆ ಎಳೆದುಕೊಳ್ಳುತ್ತ.

ಕಣ್ಣಿನ ಡಾಕ್ಟರು ದಾಕ್ಷಾಯಿಣಿ ಬಹಳ ಹೊತ್ತು ನೋಡಿದರು.

"ಅವ್ವಾರ, ಔಷಧಿ ದಿನಾ ಹಾಕ್ಕೊಂಡೀರಿ?"

"ಹಾಕ್ಕೊಂಡೇನ್ರಿ," ಎಂದು ಉಡಚವ್ವ ಸೆರಗು ಸರಿಮಾಡಿಕೊಂಡಳು.

ಡಾಕ್ಟರು ರಾಜೀವನನ್ನು ಹೊರಗೆ ಕರೆದರು. "ಎಡಗಣ್ಣು ಪೂರಾ ಹೋಗೇತ್ರಿ. ಅದು ತಿರುಗಿ ಬರೂದಿಲ್ಲ, ಯಾರ ಕಡೆ ಹೋದ್ರೂ ಬರೂದಿಲ್ಲ. ಬಲಗಣ್ಣಿನ್ಯಾಗ ಅರ್ಧ ಉಳದೈತಿ. ಲಗೂನ ಆಪರೇಶನ್ ಮಾಡಿದ್ರ ಅಷ್ಟರ ಉಳೀಬಹುದು. ಖಾತ್ರಿ ನಾ ಕೊಡೂದಿಲ್ಲ." ಖರ್ಚು ಇಪ್ಪತ್ತೆಂಟು ಸಾವಿರ ಎಂದರು.

ದವಾಖಾನೆಯಿಂದ ಇಬ್ಬರೂ ಸೀದಾ ಬ್ಯಾಂಕಿಗೆ ಹೋದರು. ಐದು ವರ್ಷ ದುಡಿದಿದ್ದೇನೆ, ಏನಾದರೂ ಇದ್ದೇ ಇರುತ್ತದೆ ಎಂದು ರಾಜೀವನ ನಂಬಿಕೆ. ಪಾಸ್‌ಬುಕ್ ಬರೆಸಿ ವರ್ಷದ ಮೇಲಾಗಿತ್ತು. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಯಂತ್ರದ ಬಾಯಿಗೆ ಪುಸ್ತಕ ತುರುಕಿದ.

ಯಂತ್ರ ಬರೆಯತೊಡಗಿತು. ಒಂದು ಹಾಳೆ ತುಂಬಿತು, ತಿರುವಿ ಕೊಟ್ಟ. ಇನ್ನೊಂದು ತುಂಬಿತು. ಪುಸ್ತಕವೇ ಮುಗಿಯಿತು. ಕೌಂಟರಿನಲ್ಲಿ ಹೊಸದು ಇಸಿದುಕೊಂಡು ಬಂದ. ಅದೂ ತುಂಬುತ್ತ ಹೋಯಿತು. ಕಣ್ಣು ಮಸುಕಾದ ಮೇಲೆ ಉಡಚವ್ವನ ಕಿವಿ ಚುರುಕಾಗಿತ್ತು.

"ಅಷ್ಟೊತ್ತಿನಿಂದ ಏನ್ ಬರ್ಯಾಕತ್ತೇತೋ ಯಪ್ಪಾ ಅದು?"

"ಖರ್ಚು ಯವ್ವಾ."

"ಓದು, ಕೇಳೂಣು."

ರಾಜೀವ ಕೊನೆಯ ಸಾಲು ನೋಡಿದ. ಉಳಿದದ್ದು ಸಾವಿರದಾ ನೂರಾ ನಲವತ್ತು ರೂಪಾಯಿ. ಅದನ್ನು ಬಿಟ್ಟು ಮೇಲಿನಿಂದ ಓದತೊಡಗಿದ. "ತೊಂಬತ್ತು. ಇಪ್ಪತ್ತು. ತೊಂಬತ್ತು. ನಲವತ್ತೈದು. ತೊಂಬತ್ತು. ನೂರಾ ಐವತ್ತು. ತೊಂಬತ್ತು..." ಅರ್ಧ ಹಾಳೆಗೆ ಓದುವುದನ್ನು ನಿಲ್ಲಿಸಿದ. ಇಡೀ ಎರಡು ಪುಸ್ತಕದಲ್ಲಿ ಬಾಡಿಗೆ, ಕಿರಾಣಿ ಬಿಟ್ಟರೆ ಇನ್ನೂರು ದಾಟಿದ ಸಾಲುಗಳೇ ಕಡಿಮೆ. ಆದರೂ ಚಿಲ್ಲರೆಯನ್ನೆಲ್ಲ ಫೋನಿನಲ್ಲಿ ಕೂಡಿಸಿದಾಗ ನಲವತ್ತೆರಡು ಸಾವಿರವಾಯಿತು.

"ಪಾಪ, ಇಷ್ಟು ಮಂದಿಗೆ ಕೊಡೂದಿತ್ತೇನು ನೀನು?" ಎಂದಳು ಉಡಚವ್ವ. "ಯಾರ ಕಡೆ ಸಾಲಾ ತಗೊಂಡಿದ್ದ್ಯೋ?"

"ಸಾಲ ಅಲ್ಲ ಯವ್ವಾ." ಪುಸ್ತಕ ಮುಚ್ಚಿದ. "ಚಾ ಕುಡದದ್ದು. ಮಂದಿಗೆ ಕುಡಿಸಿದ್ದು."

ಯಂತ್ರ ಈಗ ಬೇರೊಬ್ಬರ ಪುಸ್ತಕ ಬರೆಯುತ್ತಿತ್ತು.

"ನಾ ಸಾಲ ಐತಿ ಅಂತ ತಿಳಕೊಂಡಿದ್ದೆ," ಎಂದಳು ಉಡಚವ್ವ. "ಕೈ ಬಿಗಿ ಐತಿ ಅಂದ್ಯಲ್ಲ. ಹುಡುಗ ಹೇಳಾಕ ನಾಚತಾನ, ನಾವರ ತಿಳೀಬೇಕು ಅಂತ ಔಷಧಿ ಒಂದಿನಾ ಬಿಟ್ಟು ಒಂದಿನಾ ಹಾಕ್ಕೊಂಡೆ. ಜ್ವಾಳ ಉಳಿಸಿಧಂಗ ಉಳೀತೈತಿ ಅಂದ್ಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರಾಜೀವ ಬದುಕಿಕೊಳ್ಳುತ್ತಿದ್ದ. ಪಾಸ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಅವನು ಅಷ್ಟು ಜನರ ನಡುವೆ ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಒಲೆಯ ಮುಂದೆ ಕೂತವನಿಗಷ್ಟೇ ಅದರ ಬಿಸಿ ಗೊತ್ತು.

ಮರುದಿನದಿಂದ ಹನ್ನೊಂದು ಗಂಟೆಗೆ ರಾಜೀವ ಕುರ್ಚಿ ಬಿಟ್ಟು ಏಳಲಿಲ್ಲ. ಎರಡು ದಿನ ಎಲ್ಲರೂ ಕರೆದರು, ಮೂರನೆಯ ದಿನ ಬಿಟ್ಟರು. "ದೊಡ್ಡ ಮನಷ್ಯಾ ಆಗ್ಯಾನ," ಎಂದು ಒಬ್ಬರು ನಕ್ಕರು. ಇಷ್ಟು ದಿನ ಕೊಂಡ ಮರ್ಯಾದೆ ಮೂರು ದಿನವೂ ಬಾಳಿಕೆ ಬರಲಿಲ್ಲ. ಹನುಮೇಶ ಮಾತ್ರ ಒಂದು ಲೋಟ ಚಹಾ ತಂದು ಮೇಜಿನ ಮೇಲಿಟ್ಟ.

"ಇದು ನಂದು. ಕುಡಿ. ನಾ ಅವತ್ತ ಇನ್ನಷ್ಟು ಗಟ್ಟಿ ಹೇಳಬೇಕಿತ್ತು."

"ಹೇಳಿದ್ರೂ ನಾ ಕೇಳತಿದ್ದಿಲ್ಲೋ," ಎಂದ ರಾಜೀವ.

ಏಜೆನ್ಸಿಯ ನೌಕರನಿಗೆ ಬ್ಯಾಂಕು ಸಾಲ ಕೊಡಲಿಲ್ಲ, ಏಜೆನ್ಸಿ ಮುಂಗಡ ಕೊಡಲಿಲ್ಲ. ರಾಜೀವ ನಲವತ್ತು ಪುಟದ ಒಂದು ವಹಿ ತಂದ. ದಿನವೂ ಸಂಜೆ ಆ ದಿನದ ಖರ್ಚನ್ನು ಬರೆದು ತಾಯಿಗೆ ಓದಿ ಹೇಳತೊಡಗಿದ. ಬಸ್ಸು, ಹಾಲು, ಒಂದು ಕಟ್ಟು ಮೆಂತ್ಯ.

"ಅಷ್ಟನಾ?" ಎನ್ನುತ್ತಿದ್ದಳು.

"ಅಷ್ಟ ಯವ್ವಾ."

ಆರು ವಾರಕ್ಕೆ ನಾಲ್ಕು ಸಾವಿರದ ಎಂಟುನೂರು ಉಳಿಯಿತು. ಇಪ್ಪತ್ತೆಂಟು ಸಾವಿರಕ್ಕೆ ಇನ್ನೂ ಆರೇಳು ತಿಂಗಳು ಬೇಕು. ಅಲ್ಲಿಯವರೆಗೆ ಬಲಗಣ್ಣು ಕಾಯುತ್ತದೋ ಇಲ್ಲವೋ ಎಂಬುದನ್ನು ಬರೆಯಲು ವಹಿಯಲ್ಲಿ ಜಾಗವಿರಲಿಲ್ಲ. ಈಚೆಗೆ ಅವಳು ರೊಟ್ಟಿಯ ಅಂಚನ್ನು ಕಣ್ಣಿಂದಲ್ಲ, ಬೆರಳಿಂದ ಹುಡುಕುತ್ತಿದ್ದಳು. ರಾಜೀವ ಅದನ್ನು ನೋಡುತ್ತಿದ್ದ. ಈಗ ಅವನು ಎಲ್ಲವನ್ನೂ ನೋಡುತ್ತಿದ್ದ.

ಔಷಧಿ ಈಗ ಅವನ ಕೈಯಿಂದಲೇ. ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಬಾಗಿಲ ಬೆಳಕಿಗೆ ತಾಯಿಯನ್ನು ಕೂರಿಸಿ, ಗದ್ದ ಎತ್ತಿ, ಬಲಗಣ್ಣಿಗೆ ಒಂದು ಹನಿ ಬಿಡುತ್ತಿದ್ದ. ಎಡಗಣ್ಣಿಗೆ ಬೇಡ, ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವಳಿಗೂ ಹೇಳಿದ್ದರು.

ಅಂದು ಬಲಗಣ್ಣಿಗೆ ಹಾಕಿ ಸೀಸೆಯ ಮುಚ್ಚಳ ತಿರುಗಿಸುತ್ತಿದ್ದಾಗ ಅವಳು ಅವನ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಿಂದ ತಾನೇ ಎಡಗಣ್ಣಿನ ರೆಪ್ಪೆ ಬಿಡಿಸಿದಳು. ಒಂದು ಕಾಳು ಜೋಳವನ್ನೂ ನೆಲಕ್ಕೆ ಬಿಡದ ಹೆಂಗಸು.

"ಇದರಾಗೂ ಒಂದು ಹನಿ ಹಾಕಪಾ," ಎಂದಳು. "ಇದಕ್ಕ ನಾ ಭಾಳ ದಿನಾ ತಪ್ಪಿಸೇನಿ."

ರಾಜೀವ ಮುಚ್ಚಳ ಮತ್ತೆ ತೆಗೆದ. ಸೀಸೆ ಬಗ್ಗಿಸಿ, ಏನೂ ಕಾಣದ ಆ ಕಣ್ಣಿಗೆ ಒಂದು ಹನಿ ಬಿಟ್ಟ. ಅದು ಕೆನ್ನೆಗೆ ಇಳಿಯಿತು. ಅವಳ ಸೆರಗಿನಿಂದಲೇ ಒರೆಸಿದ.

ಸಂಜೆ ವಹಿಯನ್ನು ಓದಿ ಹೇಳಿದ. ಬಸ್ಸು, ಹಾಲು, ಉಳ್ಳಾಗಡ್ಡಿ.

"ಅಷ್ಟನಾ?" ಎಂದಳು ಉಡಚವ್ವ.

"ಅಷ್ಟ ಯವ್ವಾ," ಎಂದ ರಾಜೀವ.