ಬೀಗರಿಗೊಂದು ಕೋಣೆ

ಬೇಸಿಗೆ ರಜೆ ಬಂತೆಂದರೆ ಮೇಷ್ಟ್ರುಗಳಿಗೆ ಸುಖವೋ ಸುಖ ಎಂದು ಊರೆಲ್ಲ ಹೊಟ್ಟೆಕಿಚ್ಚು ಪಡುತ್ತದೆ. ಹಾಗೆ ಹೊಟ್ಟೆಕಿಚ್ಚು ಪಡುವವರು ಈ ಸಲ ಶಿಕಾರಿಪುರದ ಗಂಗಾಶ್ರೀ ಟೀಚರ ಮನೆಗೊಮ್ಮೆ ಬಂದು ನೋಡಬೇಕಿತ್ತು. ಮಂಚ ಅಂಗಳದಲ್ಲಿ, ಅಕ್ಕಿ ಡಬ್ಬ ಮಂಚದ ಮೇಲೆ, ಗೋಡೆ ಗಡಿಯಾರ ಅಕ್ಕಿ ಡಬ್ಬದ ಮೇಲೆ. ಮನೆಯ ಸೊಸೆ, ಅಂದರೆ ಟೀಚರೇ, ತಲೆಗೆ ಟವೆಲು ಸುತ್ತಿ ಸ್ಟೂಲಿನ ಮೇಲೆ ನಿಂತು ಗೋಡೆ ಉಜ್ಜುತ್ತಿದ್ದಳು. ಇದಕ್ಕಿಂತ ಎಂಟನೇ ಕ್ಲಾಸಿನ ಹುಡುಗರೇ ವಾಸಿ ಎಂದು ಅವಳಿಗೇ ಅನಿಸಿಬಿಟ್ಟಿತ್ತು.

ಯಾರೂ ಹೇಳಿ ಮಾಡಿಸಿದ್ದಲ್ಲ, ಅವಳೇ ಮೈಮೇಲೆ ಎಳೆದುಕೊಂಡ ಕೆಲಸ. ಕಾರಣ ಅವಳ ಅಪ್ಪ.

ಅಪ್ಪ ಸದಾಶಿವಪ್ಪನವರದು ಸೊರಬ ತಾಲೂಕು, ಕುಬಟೂರಿನ ಪಕ್ಕದ ಹಳ್ಳಿ. ಭತ್ತ, ಮೆಕ್ಕೆಜೋಳ, ಎಮ್ಮೆಗಳು, ಮಗ ಸಂಗಮೇಶನ ತುಂಬು ಸಂಸಾರ. ಗದ್ದೆಯ ಬದುವಿನಲ್ಲಿ ನಿಂತು ಅವರು ಯಾರನ್ನಾದರೂ ಬೈದರೆ ಊರಿನವರಿಗೆಲ್ಲ ಪುಕ್ಕಟೆ ಮನರಂಜನೆ. ನಕ್ಕರೂ ಹಾಗೆಯೇ, ಹೆಂಚು ಹಾರುವಂತೆ ನಗುವ ಮನುಷ್ಯ. ಆದರೆ ಶಿಕಾರಿಪುರದಲ್ಲಿ ಬಸ್ಸಿಳಿದು ಮಗಳ ಮನೆಯ ಮೆಟ್ಟಿಲು ಹತ್ತಿದರೋ, ಬೇರೆಯೇ ಮನುಷ್ಯ. ಬೀಗರ ಮನೆಯಲ್ಲವೇ? ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಶಲ್ಯ, ಕುರ್ಚಿಯ ತುದಿಯಲ್ಲಿ ಕೂತು ಮೊಣಕಾಲ ಮೇಲೆ ಎರಡೂ ಕೈ. ಮಾತೆಂದರೆ ಅಂಜನಾಪುರದ ಡ್ಯಾಮಿನಲ್ಲಿ ನೀರೆಷ್ಟಿದೆ, ಈ ಸಲ ಮಳೆ ಹೇಗೆ, ಅಷ್ಟೇ.

ಗಂಗಾಶ್ರೀಯ ಅತ್ತೆ ನೀಲಾಂಬಿಕಮ್ಮನಾದರೂ ಏನು ಕಡಿಮೆಯೇ? ಬೀಗರ ಉಪಚಾರದಲ್ಲಿ ಅವರದು ಎತ್ತಿದ ಕೈ. ತಾಮ್ರದ ಚೆಂಬಿನಲ್ಲಿ ಕಾಲಿಗೆ ನೀರು, ಬಾಳೆಯೆಲೆ, ಹೋಳಿಗೆ, ಹೋಳಿಗೆ ಮುಳುಗುವಷ್ಟು ತುಪ್ಪ. ತಲೆಯ ಮೇಲಿನ ಸೆರಗು ಒಂದು ಬೆರಳೂ ಜಾರುವುದಿಲ್ಲ. ಅವರು ಬಡಿಸುವುದು, ಇವರು ಸಾಕ್ರಿ ಸಾಕ್ರಿ ಎಂದು ಎಲೆಗೆ ಕೈ ಅಡ್ಡ ಹಿಡಿಯುವುದು. ಸಂಜೆ ಆನವಟ್ಟಿ ಬಸ್ಸಿನ ಹೊತ್ತಿಗೆ ಸದಾಶಿವಪ್ಪ ಎದ್ದು, ಎಲ್ಲರಿಗೂ ಕೈ ಮುಗಿದು ಹೊರಟುಬಿಡುತ್ತಿದ್ದರು. ಮಗಳ ಮದುವೆಯಾದಾಗಿನಿಂದ ಆ ಮನೆಯಲ್ಲಿ ಒಂದೇ ಒಂದು ರಾತ್ರಿ ಉಳಿದವರಲ್ಲ.

ಮೊದಮೊದಲು ಗಂಗಾಶ್ರೀಗೆ ಅದು ವಿಶೇಷವೆನಿಸಿರಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಹಿರಿಯರು ಹಾಸಿಗೆ ಹಾಸಿಕೊಂಡು ಬಿದ್ದಿರುವುದಿಲ್ಲ, ಅದೊಂದು ಮರ್ಯಾದೆ. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ ಮಾತ್ರ ಆ ಮರ್ಯಾದೆಯ ಮೇಲೆ ಅವಳಿಗೆ ಸಿಟ್ಟು ಬರತೊಡಗಿತು. ಅವ್ವ ತನ್ನ ಮನೆಯಲ್ಲಿ ಒಂದು ರಾತ್ರಿ ಮಲಗದೇ ಹೋಗಿಬಿಟ್ಟಳು. ಅಪ್ಪನೂ ಹಾಗೇ ಹೋಗಿಬಿಟ್ಟರೆ? ತವರಿಗೆ ಹೋದಾಗ ಅಪ್ಪ ಇದ್ದೇ ಇರುತ್ತಾರೆ, ನಿಜ. ಆದರೆ ಅದು ಅಪ್ಪನ ಮನೆ. ತನ್ನ ಮನೆಯಲ್ಲಿ, ಬೆಳಗಾಗ ಎದ್ದು, ಕೆದರಿದ ತಲೆಯಲ್ಲಿ ಕೂತು ತಾನು ಕೊಟ್ಟ ಚಾ ಕುಡಿಯುವ ಅಪ್ಪನನ್ನು ಅವಳು ನೋಡಬೇಕಿತ್ತು. ಇಷ್ಟು ಸಣ್ಣ ಆಸೆಗೆ ಇಷ್ಟು ಸಂಕಟವೇ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು.

ಸಂಕ್ರಾಂತಿಗೆ ಬಂದಾಗ ಬಾಯಿಬಿಟ್ಟೇ ಕೇಳಿದಳು. ಅಪ್ಪ ಚಪ್ಪಲಿ ಮೆಟ್ಟುತ್ತ, "ಉಳ್ಕಳಾಕೆ ಜಾಗ ಎಲ್ಲೈತೆ ತಾಯಿ? ಇರೋವು ಎರಡು ಕೋಣೆ. ಬೀಗ್ರಿಗೆ ಸುಮ್ನೆ ತೊಂದ್ರೆ" ಎಂದು ಹೇಳಿ ಹೋದರು.

ಪಾಠ ಹೇಳುವವರಿಗೆ ಒಂದು ರೋಗವಿದೆ. ಯಾರು ಏನೇ ಅಂದರೂ ಅದನ್ನು ಪ್ರಶ್ನೆಯೆಂದೇ ತಿಳಿದು ಉತ್ತರ ಬರೆಯಲು ಕೂರುತ್ತಾರೆ. ಜಾಗವಿಲ್ಲ ಅಂದರಲ್ಲ, ಜಾಗ ಮಾಡಿದರಾಯಿತು! ಪಡಸಾಲೆಯ ಪಕ್ಕದಲ್ಲಿ ಒಂದು ಕೋಣೆಯಿತ್ತು. ಗಂಡ ಗುರುಪ್ರಕಾಶನ ಬೀಜ ಗೊಬ್ಬರದ ಅಂಗಡಿಯ ಹಳೇ ಸಾಮಾನೆಲ್ಲ ಅಲ್ಲೇ ಒಟ್ಟಿತ್ತು. ರಜೆ ಸಿಕ್ಕಿದ್ದೇ ತಡ, ಗಂಗಾಶ್ರೀ ಮಗಳು ಶರಣ್ಯಳನ್ನು ತವರಿಗೆ ಸಾಗಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಸವ ಜಯಂತಿಯ ಹೊತ್ತಿಗೆ ಕೋಣೆ ಸಿದ್ಧವಾಗಬೇಕು, ಅಪ್ಪನನ್ನು ಕರೆಸಬೇಕು, ಹೊಸ ಹಾಸಿಗೆಯ ಮೇಲೆ ಮಲಗಿಸಬೇಕು. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. ಬೀಗರು ಉಳಿಯುತ್ತಾರೆಂದ ಮೇಲೆ ಹೇಗೆಂದರೆ ಹಾಗೆ ಆಗುತ್ತದೆಯೇ ಎಂದು ಪರದೆಗೆ ಹೂವಿನ ಬಟ್ಟೆ, ಮಂಚಕ್ಕೆ ಹೊಸ ಚಾದರ, ಗೋಡೆಗೆ ಬಸವಣ್ಣನವರ ಫೋಟೋ ಎಲ್ಲವನ್ನೂ ತಾವೇ ಹೊಂದಿಸಿದರು.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಬಣ್ಣ ಹೊಡೆಯುವ ಯಲ್ಲಪ್ಪ ಎರಡು ಗೋಡೆ ಮುಗಿಸಿ ನೆಂಟರ ಮದುವೆಗೆಂದು ಹೋದವನು ಹೋದ. ಫೋನು ಮಾಡಿದರೆ ಹಿಂದೆ ವಾಲಗದ ಸದ್ದು, ಮುಂದೆ ಅವನ 'ನಾಳೆ ಬಂದೆ ಅಕ್ಕಾರೆ'. ಅಂಗಡಿಯ ಚೀಟಿಯಲ್ಲಿ ಕೆನೆಯಂತಿದ್ದ ಬಣ್ಣ ಗೋಡೆಗೇರಿದ ಮೇಲೆ ಅಪ್ಪಟ ಅರಿಸಿನವಾಗಿತ್ತು. ಅರಿಸಿನ ಶುಭವೇ ಬಿಡು ಎಂದು ಅತ್ತೆ ಸಮಾಧಾನ ಹೇಳಿದರು.

ಆಮೇಲೆ ಗುರುಪ್ರಕಾಶ. ಪರದೆಯ ಸರಳಿಗೆ ಎರಡು ತೂತು ಕೊರೆಯಲು ಕೆಲಸದವರೇಕೆ ಎಂದು ಪಕ್ಕದಂಗಡಿಯಿಂದ ಡ್ರಿಲ್ಲಿಂಗ್ ಮಷೀನು ತಂದ. ಮೊದಲ ತೂತೇ ಗೋಡೆಯೊಳಗಿನ ನೀರಿನ ಪೈಪಿಗೆ ಹೋಯಿತು. ಆಗಷ್ಟೇ ಒಣಗಿದ್ದ ಅರಿಸಿನದ ಮೇಲೆ ನೀರು ಚಿಮ್ಮಿ, ಗುರುಪ್ರಕಾಶ ಅಂಗೈಯಲ್ಲಿ ತೂತು ಒತ್ತಿ ಹಿಡಿದು ನಿಂತು, ಅತ್ತೆ ಮಹಡಿಗೆ ಓಡಿ ಟ್ಯಾಂಕಿನ ವಾಲ್ವು ತಿರುಗಿಸಿ, ಅಂತೂ ನೀರು ನಿಂತಿತು. ನಿಂತಿದ್ದು ಇಡೀ ಮನೆಗೆ. ಗುರುಪ್ರಕಾಶ ಒದ್ದೆ ಅಂಗಿಯಲ್ಲೇ ಪ್ಲಂಬರನ್ನು ಹುಡುಕಿಕೊಂಡು ಬೈಕು ಹತ್ತಿದ.

ಅವನು ಆ ಕಡೆ ಹೋದ, ಈ ಕಡೆ ಸೊರಬದಿಂದ ಕುರ್ಚಿ ಬಂತು. ಅದೂ ಗಂಗಾಶ್ರೀಯದೇ ಕಾರುಬಾರು. ಸೊರಬದ ಬಡಗಿಯೊಬ್ಬ ಸಾಗುವಾನಿಯಲ್ಲಿ ಒಳ್ಳೆ ಆರಾಮಕುರ್ಚಿ ಮಾಡುತ್ತಾನೆಂದು ಶಾಲೆಯ ಅಶ್ವಿನಿ ಟೀಚರು ಹೇಳಿದ್ದೇ ಸಾಕು, ಬಸ್ಸು ಹತ್ತಿ ಹೋಗಿ ಹೇಳಿ ಬಂದಿದ್ದಳು. ಅಪ್ಪ ಇನ್ನು ಕುರ್ಚಿಯ ತುದಿಯಲ್ಲಿ ಕೂರುವುದು ಬೇಡ, ಒರಗಿ ಕೂರಲಿ. ಕುರ್ಚಿಯೇನೋ ಮಹಾರಾಜರಿಗೆ ಆಗುವಂತಿತ್ತು. ಬಾಗಿಲಿನ ಅಳತೆ ತೆಗೆದುಕೊಂಡು ಹೋಗಬೇಕೆಂಬುದು ಮಾತ್ರ ಗಣಿತದ ಟೀಚರಿಗೆ ಹೊಳೆದಿರಲಿಲ್ಲ.

ಗೂಡ್ಸ್ ಆಟೋದವನು ಅದನ್ನು ಪಡಸಾಲೆಯಲ್ಲಿ ಇಳಿಸಿ ಹೋದ. ಗಂಡಸರು ಬರುವ ತನಕ ಕಾಯುವ ತಾಳ್ಮೆ ಇಬ್ಬರಿಗೂ ಇಲ್ಲ. ಅತ್ತೆ ಕೋಣೆಯೊಳಗಿಂದ ಎಳೆದರು, ಸೊಸೆ ಹೊರಗಿಂದ ನೂಕಿದಳು. ಕುರ್ಚಿ ಅರ್ಧ ಹೋಗಿ ಬಾಗಿಲಿನ ಚೌಕಟ್ಟಿನಲ್ಲಿ ಕಚ್ಚಿಕೊಂಡು ಕೂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನೀಲಾಂಬಿಕಮ್ಮ ಒಳಗೇ ಬಂದಿ.

ಆಗ ಅಂಗಳದಲ್ಲಿ ಕೆಮ್ಮಿದ ಸದ್ದಾಯಿತು. ಬಿಳಿ ಅಂಗಿ, ಶಲ್ಯ, ಕೈಯಲ್ಲಿ ಉಪ್ಪಿನಕಾಯಿಗೆಂದು ತಂದ ಮಾವಿನ ಮಿಡಿಯ ಚೀಲ. ಸದಾಶಿವಪ್ಪ!

ಗಂಗಾಶ್ರೀ ಅತ್ತಿತ್ತ ನೋಡಿದಳು. ಕಾಲಿಗೆ ಕೊಡಲು ನೀರಿಲ್ಲ, ಕೂರಿಸಲು ಜಾಗವಿಲ್ಲ, ಅವರಿಗೆಂದೇ ಮಾಡಿಸಿದ ಕುರ್ಚಿ ಬಾಗಿಲಿನಲ್ಲಿ ಸಿಕ್ಕಿಕೊಂಡಿದೆ. ಈ ಅವಸ್ಥೆ ನೋಡಿದ ಮೇಲೆ ಅಪ್ಪ ಉಳಿಯುವುದಿರಲಿ, ಹಬ್ಬಕ್ಕೂ ಬಂದಾರೆಯೇ? ಬೇಸಿಗೆಯೆಲ್ಲ ಮಾಡಿದ್ದು ನೀರಿನಲ್ಲಿ ಹೋಮವಾಯಿತು ಎಂದುಕೊಂಡಳು.

ನೀಲಾಂಬಿಕಮ್ಮ ಮಾತ್ರ ಸೋಲುವವರಲ್ಲ. ಸೆರಗಿಗಾಗಿ ಕೈ ಎತ್ತಿದರು, ತಲೆಯ ಮೇಲೆ ಬಣ್ಣ ಮೆತ್ತಿದ ಟವೆಲು ಸಿಕ್ಕಿತು. ಅದನ್ನೇ ಸರಿಮಾಡಿಕೊಂಡು ಕುರ್ಚಿಯ ಕಾಲುಗಳ ಸಂದಿನಿಂದ ಆರಾಮವೇ ಎಂದು ವಿಚಾರಿಸಿದರು. ಸದಾಶಿವಪ್ಪನವರೂ ಅಷ್ಟೇ ಗಂಭೀರವಾಗಿ ಬಗ್ಗಿ ಆರಾಮ ಎಂದರು. ಮಳೆಯ ವಿಚಾರವಾಯಿತು. ಮೊಮ್ಮಗಳ ವಿಚಾರವಾಯಿತು. ಎಮ್ಮೆಗಳ ವಿಚಾರವೂ ಮುಗಿಯಿತು.

"ಬೀಗ್ರೆ, ತಪ್ಪು ತಿಳೀಬ್ಯಾಡ್ರಿ" ಎಂದರು ನೀಲಾಂಬಿಕಮ್ಮ ಕೊನೆಗೆ. "ಆ ಹಿಂದಿನ ಕಾಲು ಒಂಚೂರು ಎತ್ತಿ ಹಿಡೀತೀರಾ?"

ಬೀಗರ ಕೈಲಿ ಕೆಲಸ! ಹುಲ್ಲುಕಡ್ಡಿಯನ್ನೂ ಎತ್ತಗೊಡದಿದ್ದ ಅತ್ತೆ! ಗಂಗಾಶ್ರೀ ನಡುವೆ ಬಾಯಿ ಹಾಕಬೇಕೆಂದುಕೊಂಡಳು. ಅಷ್ಟರಲ್ಲಿ ಸದಾಶಿವಪ್ಪ ಮಿಡಿಯ ಚೀಲ ಇಳಿಸಿದ್ದರು. ಶಲ್ಯ ಕಿಟಕಿಗೆ ಹೋಯಿತು. ಅಂಗಿ ಬಿಚ್ಚಿ ಅದರ ಮೇಲೆ ಹಾಕಿದರು. ಬನಿಯನ್ನಿನಲ್ಲಿ ನಿಂತು, ಪಂಚೆ ಎತ್ತಿಕಟ್ಟಿ, ಕುರ್ಚಿಯನ್ನು ಒಮ್ಮೆ ಸುತ್ತಲೂ ನೋಡಿದರು. ಆಮೇಲೆ ಕೇಳಿಸಿದ್ದು ಗದ್ದೆಯ ಬದುವಿನ ದನಿ.

"ಏ ಗಂಗೀ, ಬಾಯಿ ಬಿಟ್ಕಂಡು ಏನ್ ನೋಡ್ತೀಯ? ಆ ಕಡೆ ಹಿಡಿ. ಊರು ಮಕ್ಳಿಗೆಲ್ಲ ಲೆಕ್ಕ ಹೇಳ್ಕೊಡ್ತೀಯ, ಒಂದು ಕುರ್ಚಿ ತೂರ್ಸಾಕೆ ಬರಾಕಿಲ್ವಾ ನಿಂಗೆ?"

ಗಂಗಾಶ್ರೀ ಓಡಿಹೋಗಿ ಹಿಡಿದಳು. ಈ ಮನೆಗೆ ಬಂದ ಮೇಲೆ ಅಪ್ಪ ಅವಳನ್ನು ಬೈದದ್ದು ಇದೇ ಮೊದಲು. ಬೈಸಿಕೊಂಡದ್ದಕ್ಕೆ ಅಷ್ಟು ಸಂತೋಷಪಟ್ಟವರು ಲೋಕದಲ್ಲಿ ಇರಲಾರರು.

ಅಪ್ಪ ಎತ್ತಿದರು, ತಿರುವಿದರು, ಒಂದು ಸಲ ಹೂಂಕರಿಸಿ ನೂಕಿದರು. ಲಟಕ್ಕೆಂದು ಸದ್ದಾಗಿ ಕುರ್ಚಿ ಒಳಗೆ ಹೋಯಿತು. ಅದರ ಒಂದು ಕೈ ಮಾತ್ರ ಸದಾಶಿವಪ್ಪನವರ ಕೈಯಲ್ಲೇ ಉಳಿಯಿತು. ಮೂವರೂ ಆ ಮರದ ತುಂಡನ್ನು ನೋಡಿದರು. ಮೊದಲು ನಕ್ಕವರು ನೀಲಾಂಬಿಕಮ್ಮ. ತಡೆದು ತಡೆದು, ಆಗದೇ, ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬೆನ್ನಿಗೆಲ್ಲ ಅರಿಸಿನ ಹತ್ತಿತು. ಸದಾಶಿವಪ್ಪನವರ ಹೆಂಚು ಹಾರುವ ನಗು ಆ ಮನೆಯಲ್ಲಿ ಕೇಳಿದ್ದೂ ಅವತ್ತೇ ಮೊದಲು.

ಮುರಿದದ್ದನ್ನು ಮತ್ತೆ ಕೂರಿಸದೆ ಬಿಡುವ ಆಸಾಮಿಯಲ್ಲ ಅವರು. ಅಂಟು ತರಿಸಿದರು, ಹಗ್ಗ ಬಿಗಿದರು, ಅದು ಒಣಗುವ ತನಕ ಸುಮ್ಮನೆ ಕೂರಲಾರದೆ ಯಲ್ಲಪ್ಪ ಬಿಟ್ಟುಹೋದ ಬ್ರಶ್ಶು ಹಿಡಿದು ಮೂರನೇ ಗೋಡೆಗೆ ನಿಂತರು. ಬಣ್ಣ ಗೋಡೆಗೆಷ್ಟೋ ಅವರ ಬನಿಯನ್ನಿಗೂ ಅಷ್ಟೇ. ಗಂಗಾಶ್ರೀ ಪಕ್ಕದ ಮನೆಯ ವನಜಮ್ಮನ ಬಾವಿಯಿಂದ ನೀರು ಹೊತ್ತಳು, ಒಂದೆರಡು ಕೊಡ ಅಪ್ಪನೂ ಹೊತ್ತರು. ಮಧ್ಯಾಹ್ನ ಹೋಳಿಗೆಯಿಲ್ಲ, ಎಲೆಯಿಲ್ಲ, ಸ್ಟೀಲಿನ ತಟ್ಟೆಯಲ್ಲಿ ಮೊಸರವಲಕ್ಕಿ. ನೀಲಾಂಬಿಕಮ್ಮನೂ ದಣಿದು ಅಲ್ಲೇ ನೆಲದ ಮೇಲೆ ತಟ್ಟೆ ಹಿಡಿದು ಕೂತರು. ಪ್ಲಂಬರನ ಜೊತೆ ಬಂದ ಗುರುಪ್ರಕಾಶ ಮಾವನ ಕಾಲಿಗೆ ನಮಸ್ಕರಿಸಲು ಬಗ್ಗಿದರೆ, ಬಗ್ಗಿದ್ದೀರಲ್ಲ ಹಂಗೇ ಆ ಬಕೆಟ್ಟು ಎತ್ಕೊಡಿ ಎಂದು ಮಾವ ಕೈ ಚಾಚಿದರು.

ಗಂಗಾಶ್ರೀ ಅಪ್ಪನನ್ನೇ ನೋಡುತ್ತಿದ್ದಳು. ಈಗ ಅವಳಿಗೆ ತಿಳಿಯಿತು. ಜಾಗ ಇಲ್ಲದ್ದಕ್ಕೆ ಅಪ್ಪ ಹೋಗುತ್ತಿದ್ದುದಲ್ಲ. ತಾನು, ಅತ್ತೆ, ಇಬ್ಬರೂ ಸೇರಿ ಉಪಚಾರ ಮಾಡಿ ಮಾಡಿ ಅವರನ್ನು ಹೊರಡಿಸುತ್ತಿದ್ದರು. ಹೂವಿನ ಪರದೆ, ಮಹಾರಾಜರ ಕುರ್ಚಿ, ಎಲ್ಲ ಅಂದುಕೊಂಡಂತೆ ಆಗಿದ್ದರೆ ಹಬ್ಬದ ದಿನ ಅಪ್ಪ ಇನ್ನೊಂದು ತಾಸು ಮೊದಲೇ ಬಸ್ಸು ಹತ್ತುತ್ತಿದ್ದರೇನೋ.

ತಿಳಿದರೂ ಹೊತ್ತು ನಿಲ್ಲುವುದಿಲ್ಲವಲ್ಲ. ಬಿಸಿಲು ಇಳಿಯಿತು. ಆನವಟ್ಟಿ ಬಸ್ಸಿನ ಹೊತ್ತು ಹತ್ತಿರವಾಯಿತು. ಅಪ್ಪ ಈಗ ಬ್ರಶ್ಶು ಇಡುತ್ತಾರೆ, ಈಗ ಶಲ್ಯಕ್ಕೆ ಕೈ ಹಾಕುತ್ತಾರೆ ಎಂದು ಅವಳು ಕಾದೇ ಕಾದಳು. ಉಳ್ಕೋ ಅಪ್ಪಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹಾಗೆ ಅಂದರೆ ಮುಗಿಯಿತು. ಉಳಿಯಿರಿ ಎಂದು ಹೇಳಿಸಿಕೊಂಡವರು ಮತ್ತೆ ಬೀಗರಾಗಿಬಿಡುತ್ತಾರೆ. ಅದೇ ಹೊತ್ತಿಗೆ ನೀಲಾಂಬಿಕಮ್ಮ ಗಂಟಲು ಸರಿಮಾಡಿಕೊಂಡು, ಸೆರಗು ಹುಡುಕಿಕೊಂಡು, ಬೀಗರನ್ನು ಉಳಿಸಿಕೊಳ್ಳುವ ಮಾತಿಗೆ ಸಿದ್ಧರಾಗುತ್ತಿದ್ದರು. ಸೊಸೆ ಹೋಗಿ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅತ್ತೆ ಅವಳ ಮುಖ ನೋಡಿದರು. ಏನು ಓದಿಕೊಂಡರೋ, ಬಾಯಿ ಮುಚ್ಚಿದರು.

ರಸ್ತೆಯ ಕಡೆ ಬಸ್ಸಿನ ಹಾರನ್ನು ಕೇಳಿಸಿತು. ಅಪ್ಪ ಬ್ರಶ್ಶು ಅದ್ದಿ, ಮೂಲೆಯೊಂದನ್ನು ಬಿಡದೆ ಎಳೆಯುತ್ತಿದ್ದರು. ಹಾರನ್ನು ದೂರವಾಯಿತು.

ಕತ್ತಲಾಗುವ ಹೊತ್ತಿಗೆ ಊರಿನಿಂದ ಸಂಗಮೇಶನ ಫೋನು ಬಂತು. ಬಸ್ಸು ಬಂತು, ನೀನೇ ಬರಲಿಲ್ಲ ಎಂದು ಅವನು ಗಾಬರಿಯಲ್ಲಿ ಕೂಗುವುದು ಪಡಸಾಲೆಯವರಿಗೂ ಕೇಳಿಸುತ್ತಿತ್ತು.

"ನಾಳೆನೂ ಆಗಾಕಿಲ್ಲ ಕಣೋ" ಎಂದರು ಸದಾಶಿವಪ್ಪ. "ಇನ್ನೊಂದು ಗೋಡೆ ಹಂಗೇ ಐತೆ. ಎಮ್ಮೆ ನೋಡ್ಕ, ಶರಣ್ಯನ್ನ ಬಿಸ್ಲಾಗೆ ಬಿಡಬ್ಯಾಡ." ಫೋನು ಇಟ್ಟವರು ತಮ್ಮ ಪಂಚೆಯ ಕಡೆ ಈಗ ತಾನೇ ಕಂಡವರಂತೆ ನೋಡಿಕೊಂಡರು. ಮೊಣಕಾಲ ತನಕ ಅರಿಸಿನ. "ಗಂಗೀ, ನಿಮ್ಮೆಜಮಾನ್ರದ್ದು ಯಾವ್ದಾರ ಹಳೇ ಲುಂಗಿ ಇದ್ರೆ ಕೊಡವ್ವ. ಮೈ ತೊಳ್ಕಂತೀನಿ."

ಗಂಗಾಶ್ರೀ ಒಳಗೆ ಹೋಗಿ ಬಟ್ಟೆಯ ರಾಶಿಯ ಮುಂದೆ ಕೂತಳು. ಕಣ್ಣು ತುಂಬಿ ಯಾವುದು ಲುಂಗಿ, ಯಾವುದು ದಿಂಬಿನ ಚೀಲ ಒಂದೂ ಕಾಣಿಸಲಿಲ್ಲ. ಹಿಂದೆಯೇ ಬಂದ ಅತ್ತೆ ಪಿಸುದನಿಯಲ್ಲಿ, ಬೀರುವಿನಲ್ಲಿ ಹೊಸಾ ರೇಷ್ಮೆಯಂಚಿನ ಪಂಚೆ ಐತಲ್ಲ, ಬೀಗರಿಗೆ ಅದನ್ನೇ ಕೊಡು ಎಂದರು.

"ಬ್ಯಾಡ ಅತ್ತೆ. ಹಳೇದೇ ಕೊಡ್ತೀನಿ."

ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳು ಹುಡುಕಿದಳು. ರಾಶಿಯ ತಳದಲ್ಲಿ ಗುರುಪ್ರಕಾಶನ ನೀಲಿ ಚೌಕಳಿಯ ಲುಂಗಿ ಸಿಕ್ಕಿತು. ಒಗೆದು ಒಗೆದು ಬಣ್ಣ ಹೋಗಿತ್ತು, ಅಂಚಿನಲ್ಲಿ ಒಂದು ತೇಪೆಯೂ ಇತ್ತು. ಅದನ್ನೇ ಕೊಡವಿ ಅಪ್ಪನಿಗೆ ತಂದುಕೊಟ್ಟಳು.