ಮಸಿ ತೊಳೆದ ಲಾಂದ್ರ

ನೋರಾ ಥ್ವೇಟ್ ಬಯಲಿನಲ್ಲಿ ನಡೆದರೂ ಹಳಿಯ ಮೇಲೆ ನಡೆದಂತೆಯೇ ನಡೆಯುತ್ತಿದ್ದರು. ಹಳಿ ಕಾಯುವ ಅಪ್ಪನ ಹಿಂದೆ ಹಳಿಯಡಿಯ ಮರದ ದಿಮ್ಮಿಯಿಂದ ದಿಮ್ಮಿಗೆ ಕಾಲಿಟ್ಟು ಶಾಲೆಗೆ ಹೋದ ಹುಡುಗಿಯ ಹೆಜ್ಜೆ ಎಪ್ಪತ್ತೆಂಟರಲ್ಲೂ ಒಂದಂಗುಲ ಹಿಗ್ಗಿರಲಿಲ್ಲ. ಮೈಮೇಲೆ ಅಪ್ಪನದೇ ಕರಿಯ ರೈಲ್ವೆ ಕೋಟು. ಐದು ಹಿತ್ತಾಳೆ ಗುಂಡಿ, ಆರನೆಯದರ ಜಾಗದಲ್ಲಿ ಒಂದು ಪಿನ್ನು. ಅಂಥ ಗುಂಡಿಗೆ ಈಗಿನ ಬೆಲೆ ಕೇಳಿಕೊಂಡು ಬಂದ ದಿನ, "ಗುಂಡಿ ಯಾವ ಕಾಲದ್ದು ಅಂತ ಚಳಿಗೇನು ಗೊತ್ತಾಗತ್ತಾ?" ಎಂದು ಪಿನ್ನನ್ನೇ ಬಿಗಿದುಕೊಂಡಿದ್ದರು.

ಯಾರ್ಕ್‌ಶೈರಿನ ನಮ್ಮ ಹ್ಯಾಲೋಬೆಕ್ ಹಳ್ಳಿಯ ನಿಲ್ದಾಣ ಮುಚ್ಚಿದಾಗ ಅಲ್ಲಿನ ಸಾಮಾನೆಲ್ಲ ದಿಕ್ಕಾಪಾಲಾಗಿತ್ತು. ಅದನ್ನು ಒಂದೊಂದಾಗಿ ಹುಡುಕಿ ತಂದು, ಈಗ ಊರವರ ಚಹಾಕೋಣೆಯಾಗಿರುವ ಹಳೆಯ ವಿಶ್ರಾಂತಿ ಕೊಠಡಿಯಲ್ಲಿ ಮೊದಲಿನ ಜಾಗದಲ್ಲೇ ಇಡುವುದು ಅವರ ಜೀವಮಾನದ ವ್ರತ. ಗಡಿಯಾರ ಒಂದು ಸೇಬಿನ ಕಡುಬಿಗೆ ಬಂತು. ಗಂಟೆ ಒಬ್ಬ ರೈತನ ಕೊಟ್ಟಿಗೆಯಿಂದ ಪುಕ್ಕಟೆ. ಆಮೇಲೆ ಸಿರಿವಂತ ಸಂಗ್ರಾಹಕರು ಹರಾಜುಗಳಿಗೆ ಇಳಿದರು, ಬೆಲೆ ಗಗನಕ್ಕೇರಿತು, ಟಿಕೆಟ್ಟಿಗೆ ತೂತು ಹೊಡೆಯುವ ಇಕ್ಕಳಕ್ಕೂ ನೋರಾ ಅವರ ಒಂದು ತಿಂಗಳ ಪಿಂಚಣಿ ಸಾಲದಾಯಿತು. ಆದರೂ ಕೊನೆಗೆ ಸಿಗದೆ ಉಳಿದದ್ದು ನಿಲ್ದಾಣದಲ್ಲಿದ್ದ ಊರಿನ ಹೆಸರಿನ ಫಲಕವೊಂದೇ. ಅದು ಕೇಲ್ ಎಂಬ ವ್ಯಾಪಾರಿಯ ಕೈಸೇರಿತ್ತು.

ಒಂದು ಮಧ್ಯಾಹ್ನ ಕೇಲ್ ಚಹಾಕೋಣೆಗೇ ಬಂದ. ಅವನ ಕಣ್ಣು ಗೋಡೆಯ ಮೇಲಿದ್ದ, ನೋರಾ ಅವರ ಅಪ್ಪನ ಕೈಲಾಂದ್ರದ ಮೇಲೆ. ಕೊನೆಯ ಪಾಳಿ ಮುಗಿಸಿ ಅಪ್ಪ ಇಟ್ಟಿದ್ದ, ಮಸಿ ಹಿಡಿದ ಲಾಂದ್ರ; ಆತ ತೀರಿಕೊಂಡ ಮೇಲೆ ಆ ಮಸಿಯನ್ನು ಒರೆಸಲು ನೋರಾ ಅವರಿಗೆ ಮನಸ್ಸು ಬಂದಿರಲಿಲ್ಲ.

"ಇದನ್ನ ಕೊಡಿ, ಬೋರ್ಡು ನಿಮ್ದು, ಮಿಸ್ ಥ್ವೇಟ್. ಆದ್ರೆ ಒರೆಸ್ಬೇಡಿ. ಆ ಮಸಿಗೇ ಬೆಲೆ ಇರೋದು."

"ಯೋಚ್ನೆ ಮಾಡಿ ಹೇಳ್ಲಾ?"

"ಬರೋ ವರ್ಷ ಬೋರ್ಡಿನ ರೇಟು ಡಬಲ್ ಆಗತ್ತೆ. ಆಗ ಈ ಲಾಂದ್ರಾನೂ ಸಾಲಲ್ಲ."

ಆ ಫಲಕಕ್ಕಾಗಿ ನೋರಾ ಐವತ್ತು ವರ್ಷ ಹಂಬಲಿಸಿದ್ದು ಪಕ್ಕದ ಮೇಜಿನಲ್ಲಿದ್ದ ನನಗೆ ಗೊತ್ತಿತ್ತು. ಅವರು ಎದ್ದು, ಬಿಸಿನೀರು, ಸೋಡಾಪುಡಿ ತಂದು, ಅವನೆದುರಿಗೇ ಲಾಂದ್ರ ತಿಕ್ಕತೊಡಗಿದರು.

"ಏನ್ಮಾಡ್ತಿದೀರಿ ನೀವು? ಇನ್ನು ಇದು ಮೂರು ಕಾಸಿಗೂ ಹೋಗಲ್ಲ."

"ಹೋಗೋದು ಬೇಡ, ಇಲ್ಲೇ ಇರ್ಲಿ. ಇಷ್ಟು ಮಸಿ ನೋಡಿದ್ರೆ ಅಪ್ಪ ನನ್ನ ಕಿವಿ ಹಿಂಡ್ತಿದ್ದ, ಮರಿ. ಇಂಥ ದೀಪ ತೋರಿಸಿದ್ರೆ ಯಾವ ಡ್ರೈವರು ಗಾಡಿ ನಿಲ್ಲಿಸ್ತಾನೆ?"

"ಮತ್ತೆ ಬೋರ್ಡು?"

"ನಮ್ಮೂರ ಹೆಸರು ನಮಗೆ ಬರೆಯೋಕೆ ಬರತ್ತೆ. ನಿನ್ನ ಹತ್ರ ಕೊಂಡ್ಕೋಬೇಕಾ?"

ಶನಿವಾರ ಬೇಲಿಯ ಹಲಗೆಯೊಂದಕ್ಕೆ ಬಣ್ಣ ಬಳಿದು ತಾವೇ ಹೆಸರು ಬರೆದರು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಮೂಲೆಯಲ್ಲಿ ಮುದುಡಿ ನಿಂತಿದೆ. ಅದರ ಕೆಳಗೆ ಲಾಂದ್ರ ಉರಿಯುತ್ತದೆ.

ಇಂಥವರನ್ನು ಸಂಗ್ರಾಹಕರೆನ್ನುವುದು ತಪ್ಪು. ಸಂಗ್ರಾಹಕ ವಸ್ತುವನ್ನು ಬಳಕೆಯಿಂದ ಬಿಡಿಸಿ ಬೆಲೆಗೆ ಒಪ್ಪಿಸುತ್ತಾನೆ. ಇವರು ಬೆಲೆಯ ಕೈಯಿಂದ ಕಿತ್ತುಕೊಂಡು ಬಳಕೆಗೆ ಮರಳಿಸುತ್ತಾರೆ. ಇವರು ಹಟಮಾರಿಗಳು, ಜಗಳಗಂಟರು, ಕೈಯಲ್ಲಿ ಕಾಸಿಲ್ಲದವರು. ಆದರೆ ಇವರಿರುವ ತನಕ ಯಾವ ಊರೂ ತನ್ನ ಹೆಸರನ್ನು ಹರಾಜಿನಲ್ಲಿ ಕಳೆದುಕೊಳ್ಳುವುದಿಲ್ಲ.